ಸಂಗಾತಿಯ ದ್ರೋಹದ ನಂತರ ನಿಮ್ಮ ಬೆಲೆ, ನಿಮ್ಮ ಮೈ: ಮತ್ತೆ ಕಟ್ಟಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಸಂಗಾತಿಗೆ ಇನ್ನೊಂದು ಸಂಬಂಧವಿತ್ತು ಎಂದು ಗೊತ್ತಾದಾಗ ಬರುವ ಸಿಟ್ಟು, ಅಳು ಸುತ್ತಲಿನವರಿಗೆ ಅರ್ಥವಾಗುತ್ತದೆ. ಅದರ ಬೆನ್ನಿಗೇ ಬರುವ ಇನ್ನೊಂದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸ್ನಾನಕ್ಕೆ ಹೋದರೆ ಹೊಟ್ಟೆಯ ಮಡಿಕೆಯೇ ಕಣ್ಣಿಗೆ ಬೀಳುತ್ತದೆ. ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿದು ನಿಲ್ಲುವಂತಾಗುತ್ತದೆ. 'ನಾನು ಇನ್ನೊಂಚೂರು ಚೆನ್ನಾಗಿದ್ದಿದ್ರೆ ಹೀಗಾಗ್ತಿತ್ತಾ?' ಎಂಬ ಪ್ರಶ್ನೆ ಹೆಂಗಸರನ್ನು ಕಾಡುವಷ್ಟೇ ಗಂಡಸರನ್ನೂ ಕಾಡುತ್ತದೆ. ಗಂಡಸರಲ್ಲಿ ಅದು ಹೆಚ್ಚಾಗಿ ಎತ್ತರ, ಉದುರಿದ ಕೂದಲು, ಹಾಸಿಗೆಯ ಸಾಮರ್ಥ್ಯ ಇವುಗಳ ಸುತ್ತ ಸುತ್ತುತ್ತದೆ. ಬಾಯಿಬಿಟ್ಟು ಹೇಳುವವರಂತೂ ಅವರಲ್ಲಿ ಇನ್ನೂ ಕಡಿಮೆ.

ಸಂಬಂಧವನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಯಾವ ದಾರಿ ಹಿಡಿದರೂ ನಿಮ್ಮ ಬೆಲೆಯನ್ನು, ಮೈ ಬಗೆಗಿನ ಭಾವನೆಯನ್ನು ಮತ್ತೆ ಕಟ್ಟಿಕೊಳ್ಳುವ ಕೆಲಸ ಬಾಕಿ ಇದ್ದೇ ಇರುತ್ತದೆ. ಮಾಡುವ ಕ್ರಮ ಮಾತ್ರ ಮುಖ್ಯ: ಮೊದಲು ಆರೋಗ್ಯ, ಆಮೇಲೆ ಹೋಲಿಕೆಗೆ ಕಡಿವಾಣ, ಆಮೇಲೆ ಬರವಣಿಗೆ, ಕನ್ನಡಿ, ಬೆಲೆಗೆ ಬೇರೆ ಆಸರೆಗಳು, ಕೊನೆಗೆ ಸ್ಪರ್ಶ. ಬಹಳ ಜನ ಇದನ್ನು ತಿರುಗುಮುರುಗು ಮಾಡಿ ಜಿಮ್, ಡಯಟ್, ಹೊಸ ಹೇರ್‌ಕಟ್‌ನಿಂದ ಶುರು ಮಾಡುತ್ತಾರೆ. 'ನನ್ನ ಮೈಯಲ್ಲಿ ಕೊರತೆ ಇತ್ತು, ಅದಕ್ಕೇ ಹೀಗಾಯಿತು' ಎಂಬ ತೀರ್ಪನ್ನು ಒಪ್ಪಿಕೊಂಡೇ ಹೊರಟಂತಾಗುತ್ತದೆ ಆಗ. ಹತ್ತು ಕೆಜಿ ಇಳಿದ ಮೇಲೂ ಆ ತೀರ್ಪು ಹಾಗೇ ಉಳಿಯುತ್ತದೆ, ಅದು ಹೊಸದೊಂದು ಕೊರತೆಯನ್ನು ಹುಡುಕಿಕೊಳ್ಳುತ್ತದೆ.

ಬೆಲೆ ಕುಸಿದಂತೆ ಅನಿಸುವುದೇಕೆ

ಮನಃಶಾಸ್ತ್ರಜ್ಞ ಮಾರ್ಕ್ ಲಿಯರಿ ಮತ್ತು ಸಹೋದ್ಯೋಗಿಗಳು 1995ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಸ್ವಾಭಿಮಾನ ಒಂದು ಮಾಪಕದ ಹಾಗೆ ಕೆಲಸ ಮಾಡುತ್ತದೆ. ಸುತ್ತಲಿನವರಿಗೆ ನಾವು ಎಷ್ಟು ಬೇಕಾದವರು ಎಂಬುದನ್ನು ಅದು ಒಳಗಿನಿಂದಲೇ ಅಳೆಯುತ್ತಿರುತ್ತದೆ. ಎಲ್ಲರಿಗಿಂತ ಹತ್ತಿರದವರೇ ಬೇರೆ ಕಡೆ ಹೋದರು ಎಂದು ತಿಳಿದ ಕೂಡಲೇ ಅದರ ಮುಳ್ಳು ಸರ್ರನೆ ಕೆಳಗಿಳಿಯುತ್ತದೆ. ಹಾಗಾಗಿ ಈ ಕುಸಿತ ನಿಮ್ಮ ದೌರ್ಬಲ್ಯದ ಗುರುತೇನಲ್ಲ, ಯಾರಿಗಾದರೂ ಆಗುವಂಥದ್ದೇ. ಆದರೆ ಮುಳ್ಳು ಇಳಿದದ್ದು ಇನ್ನೊಬ್ಬರ ನಡವಳಿಕೆಯಿಂದ. ನಿಮ್ಮ ಮೈಯಲ್ಲಿ ಹಿಂದಿನ ದಿನಕ್ಕೂ ಮರುದಿನಕ್ಕೂ ಏನೂ ಬದಲಾಗಿರಲಿಲ್ಲ.

'ಮನೆಯಲ್ಲಿ ಸುಖವಿದ್ದಿದ್ದರೆ ಹೊರಗೆ ಯಾಕೆ ಹೋಗುತ್ತಿದ್ದರು' ಎಂಬ ಲೋಕದ ಮಾತೂ ಈ ಹೊತ್ತಿನಲ್ಲಿ ಕಿವಿಗೆ ಬೀಳುತ್ತದೆ. ದಾಂಪತ್ಯದ್ರೋಹದ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಶರ್ಲಿ ಗ್ಲಾಸ್ ಅವರ ಅಧ್ಯಯನದಲ್ಲಿ, ಹೊರಗೆ ಸಂಬಂಧ ಇಟ್ಟುಕೊಂಡಿದ್ದ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಹೆಂಗಸರಲ್ಲಿ ಸುಮಾರು ಮೂರನೇ ಒಂದು ಪಾಲು ತಮ್ಮ ದಾಂಪತ್ಯ ಸುಖವಾಗಿಯೇ ಇದೆ ಎಂದಿದ್ದರು. ಅವಕಾಶ, ಹೊಸತನದ ಸೆಳೆತ, ಗಡಿ ಹಾಕಿಕೊಳ್ಳದ ಸ್ವಭಾವ, ಹೊಗಳಿಕೆಯ ಹಸಿವು, ಮುಖ ಕೊಟ್ಟು ಮಾತಾಡಲು ಹೆದರುವುದು, ಹೀಗೆ ಕಾರಣಗಳು ಹಲವು. ತುಂಬಾ ಚೆಲುವಾಗಿರುವವರ ಸಂಗಾತಿಗಳೂ ದ್ರೋಹ ಮಾಡುತ್ತಾರೆ ಎನ್ನುವುದು ಎಲ್ಲರ ಕಣ್ಣೆದುರೇ ಇರುವ ಸತ್ಯ, ಆದರೂ ನಮ್ಮ ಸರದಿ ಬಂದಾಗ ಅದು ನೆನಪಿಗೆ ಬರುವುದಿಲ್ಲ.

ಹಂತ 1: ಮೊದಲ ವಾರಗಳಲ್ಲಿ ಮೈಯನ್ನು ಕಾಪಾಡಿಕೊಳ್ಳಿ

ಲೈಂಗಿಕ ಸೋಂಕಿನ ಪರೀಕ್ಷೆಯನ್ನು ಮುಂದೂಡಬೇಡಿ. 'ನನ್ನ ಮೈ ಹೊಲಸಾಯಿತು' ಎಂಬ ಭಾವನೆಯ ಅರ್ಧ ಭಾಗ ಹೀಗಿದೆಯೋ ಹಾಗಿದೆಯೋ ಎಂಬ ಅನುಮಾನದಿಂದ ಹುಟ್ಟಿದ್ದು, ವರದಿ ಕೈಗೆ ಬಂದಾಗ ಅದು ಹಗುರವಾಗುತ್ತದೆ. ವೈದ್ಯರಲ್ಲಿ ಸುತ್ತಿಬಳಸಿ ಹೇಳಬೇಕಿಲ್ಲ. 'ಸಂಗಾತಿಗೆ ಬೇರೆ ಸಂಪರ್ಕವಿತ್ತು, ಎಲ್ಲ ಪರೀಕ್ಷೆಯೂ ಆಗಬೇಕು' ಎಂದರೆ ಸಾಕು. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಗೊನೊರಿಯಾ, ಕ್ಲಾಮಿಡಿಯಾ ಪಟ್ಟಿಯಲ್ಲಿರಲಿ. ಪ್ರಯೋಗಾಲಯದಲ್ಲಿ ಮಾಡುವ ಎಚ್‌ಐವಿ ಆಂಟಿಜೆನ್-ಆಂಟಿಬಾಡಿ ಪರೀಕ್ಷೆಗೆ ಸೋಂಕು ಸಿಗುವುದು ಸಂಪರ್ಕವಾದ 18ರಿಂದ 45 ದಿನಗಳಲ್ಲಿ. ಕೆಲವು ಬೇರೆ ಪರೀಕ್ಷೆಗಳಿಗೆ 90 ದಿನ ಬೇಕು. ಅದಕ್ಕೇ ಈಗೊಮ್ಮೆ, ಕೊನೆಯ ಸಂಪರ್ಕಕ್ಕೆ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ಅಪಾಯದ ಸಂಪರ್ಕವಾಗಿ 72 ಗಂಟೆ ಮೀರಿಲ್ಲದಿದ್ದರೆ ಎಚ್‌ಐವಿ ತಡೆಯುವ 28 ದಿನಗಳ ಔಷಧಿ ಇದೆ, ಆಗ ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡನೇ ವರದಿ ಬರುವವರೆಗೆ, ಸಂಬಂಧ ಮುಂದುವರಿಯುತ್ತಿದ್ದರೂ, ಕಾಂಡೋಮ್ ಇಲ್ಲದೆ ಬೇಡ.

ಊಟ ಹಸಿವನ್ನು ಕಾಯಬಾರದು. ಆಘಾತದಲ್ಲಿ ಹಸಿವು ಸತ್ತುಹೋಗುತ್ತದೆ, ಇಲ್ಲವೇ ರಾತ್ರಿ ಹೊತ್ತು ಮಿತಿಮೀರುತ್ತದೆ. ಮೂರು-ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಸ್ವಲ್ಪ ಸ್ವಲ್ಪ ತಿನ್ನಿ. ಈ ದಿನಗಳಲ್ಲಿ ತೂಕ ತಾನಾಗಿ ಇಳಿದಾಗ ಯಾರಾದರೂ 'ಸಣ್ಣ ಆಗಿದೀರ, ಚೆನ್ನಾಗ್ ಕಾಣ್ತೀರ' ಅಂದೇ ಅನ್ನುತ್ತಾರೆ. ಬೆಲೆ ಕುಸಿದ ಹೊತ್ತಿನಲ್ಲಿ ಸಿಕ್ಕ ಒಂದೇ ಹೊಗಳಿಕೆ ಅದಾಗಿದ್ದರೆ, ಉಪವಾಸವೇ ಬೆಲೆ ಗಳಿಸುವ ದಾರಿ ಎಂದು ಮನಸ್ಸು ಕಲಿತುಬಿಡುತ್ತದೆ. ಪ್ರಯತ್ನಪಡದೆ ನೂರಕ್ಕೆ ಐದರಷ್ಟು ತೂಕ, ಅಂದರೆ 60 ಕೆಜಿ ಇದ್ದವರಿಗೆ 3 ಕೆಜಿ, ಇಳಿದಿದ್ದರೆ ವೈದ್ಯರಿಗೆ ತಿಳಿಸಿ.

ನಿದ್ದೆಗೆ ಒಂದೇ ನಿಯಮ ಸಾಕು: ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಇನ್ನೊಂದು ಕೋಣೆಯಲ್ಲಿ, ಮಂದ ಬೆಳಕಿನಲ್ಲಿ, ಬೇಸರ ಬರಿಸುವಂಥ ಕೆಲಸ ಮಾಡಿ, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಮರಳಿ. ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು.

ಇನ್ನೊಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ದೊಡ್ಡ ಆಘಾತವಾಗಿ ಎರಡು-ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಬಹುದು. ವೈದ್ಯರು ಇದನ್ನು ಟೆಲೊಜೆನ್ ಎಫ್ಲುವಿಯಂ ಎನ್ನುತ್ತಾರೆ. ಒತ್ತಡದಲ್ಲಿ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗಿ, ತಿಂಗಳುಗಳ ನಂತರ ಒಟ್ಟಿಗೇ ಕಳಚುತ್ತದೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಉದುರುವುದು ನಿಂತು ಮತ್ತೆ ಬೆಳೆಯುತ್ತದೆ. ಈ ಗಣಿತ ಗೊತ್ತಿಲ್ಲದವರು ಮನಸ್ಸು ತುಸು ತಹಬಂದಿಗೆ ಬರುವ ಹೊತ್ತಿಗೆ ಬಾಚಣಿಗೆ ನೋಡಿ ಮತ್ತೆ ಕುಸಿಯುತ್ತಾರೆ.

ಹಂತ 2: ಸಾಕ್ಷ್ಯ ಹುಡುಕುವುದನ್ನು ನಿಲ್ಲಿಸಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಇದನ್ನು ಹಾರಿಸಿದರೆ ಮುಂದಿನ ಯಾವುದೂ ನಿಲ್ಲುವುದಿಲ್ಲ.

ರಾತ್ರಿ ಹನ್ನೊಂದೂವರೆ. ಆ ಮೂರನೆಯವರ ಪ್ರೊಫೈಲ್ ತೆರೆಯುತ್ತದೆ. ಒಂದು ಫೋಟೊ ಹಿಗ್ಗಿಸಿ ಸೊಂಟ ನೋಡುತ್ತೀರಿ, ಇನ್ನೊಂದರಲ್ಲಿ ಹಲ್ಲು. ಮೂರು ವರ್ಷದ ಹಿಂದಿನ ಪೋಸ್ಟ್‌ವರೆಗೆ ಹೋಗುತ್ತೀರಿ, ಎಲ್ಲಿ ಲೈಕ್ ಒತ್ತಿಹೋಗುತ್ತದೋ ಎಂದು ಬೆರಳು ನಡುಗುತ್ತದೆ. ಆಮೇಲೆ ನಿಮ್ಮದೇ ಗ್ಯಾಲರಿ ತೆರೆದು, ಯಾರೋ ತೆಗೆದ, ನೀವು ಅರ್ಧ ಕಣ್ಣು ಮುಚ್ಚಿರುವ ಚಿತ್ರವನ್ನು ಪಕ್ಕಕ್ಕಿಟ್ಟು ನೋಡುತ್ತೀರಿ. ಐವತ್ತರಲ್ಲಿ ಒಂದೆಂದು ಆರಿಸಿ, ಬೆಳಕು ತಿದ್ದಿ ಹಾಕಿದ ಅವರ ಚಿತ್ರಕ್ಕೆ ನಿಮ್ಮ ಅತಿ ಕೆಟ್ಟ ಚಿತ್ರ ಜೋಡಿ! ಹೋಲಿಸುವುದು ಮನುಷ್ಯರ ಸಹಜ ಸ್ವಭಾವ ಎಂದು ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಆದರೆ ಈ ಹೋಲಿಕೆಯಲ್ಲಿ ಸೋಲು ಮೊದಲೇ ಬರೆದಿಟ್ಟದ್ದು. ಅವರು ನಿಮಗಿಂತ ಸುಮಾರಾಗಿ ಕಂಡರೂ ಸಮಾಧಾನ ಸಿಗುವುದಿಲ್ಲ. 'ಇಂಥವರಿಗಾಗಿ ನನ್ನನ್ನು ಬಿಟ್ಟರಾ' ಎಂದು ಅದೂ ಚುಚ್ಚುತ್ತದೆ.

ಮಾಡಬೇಕಾದ್ದು ಇಷ್ಟು. ಆ ಮೂರನೆಯವರ ಎಲ್ಲ ಖಾತೆಗಳನ್ನು ಬ್ಲಾಕ್ ಮಾಡಿ, ಮ್ಯೂಟ್ ಸಾಲದು. ಉಳಿಸಿಟ್ಟ ಸ್ಕ್ರೀನ್‌ಶಾಟ್‌ಗಳು ಕಾನೂನಿನ ಕೆಲಸಕ್ಕೆ ಬೇಕಿದ್ದರೆ ಅವನ್ನು ವಕೀಲರಿಗೋ ನಂಬಿಕಸ್ಥರಿಗೋ ಕೊಟ್ಟು ನಿಮ್ಮ ಫೋನಿನಿಂದ ತೆಗೆದುಬಿಡಿ. ರಾತ್ರಿ ಫೋನ್ ಇನ್ನೊಂದು ಕೋಣೆಯಲ್ಲಿ ಚಾರ್ಜ್ ಆಗಲಿ. ಹುಡುಕುವ ತುಡಿತ ಬಂದಾಗ ಹತ್ತು ನಿಮಿಷ ತಡೆದು, ಒಂದು ಚೀಟಿಯಲ್ಲಿ 'ಈಗ ನನಗೆ ಏನು ತಿಳಿಯಬೇಕು? ತಿಳಿದರೆ ನಾಳೆ ಏನು ಬದಲಾಗುತ್ತದೆ?' ಎಂದು ಬರೆಯಿರಿ. ಹೆಚ್ಚಿನ ಸಲ ಎರಡನೆಯದಕ್ಕೆ ಉತ್ತರ ಹೊಳೆಯುವುದಿಲ್ಲ. ತುಡಿತ ಅಲೆಯಂತೆ ಏರಿ ಇಳಿಯುತ್ತದೆ, ಇಳಿಯಲು ಅದಕ್ಕೆ ಸಮಯ ಕೊಡುವುದಷ್ಟೇ ನಿಮ್ಮ ಕೆಲಸ.

ಸಂಗಾತಿಗೆ ಕೇಳುವ ಪ್ರಶ್ನೆಗಳನ್ನೂ ಮೂರು ಪಾಲು ಮಾಡಿಕೊಳ್ಳಿ. ಯಾವಾಗಿನಿಂದ, ಮುಗಿದಿದೆಯೇ, ರಕ್ಷಣೆ ಬಳಸಿದ್ದರೇ, ಹಣ ಹೋಗಿದೆಯೇ, ಇವು ಈಗಲೇ ಕೇಳಬೇಕಾದವು. ಇವುಗಳಿಗೆ ನೇರ ಉತ್ತರ ನಿಮ್ಮ ಹಕ್ಕು. 'ಯಾಕೆ', 'ನಿಮ್ಮೊಳಗೆ ಏನಾಗಿತ್ತು' ಎಂಬವು ನಿಧಾನಕ್ಕೆ, ಸಾಧ್ಯವಾದರೆ ಆಪ್ತಸಮಾಲೋಚಕರ ಎದುರು. ಮೂರನೇ ಪಾಲು ಮೈಯ ಹೋಲಿಕೆಯದು: ಅವರ ಮೈ ಹೇಗಿತ್ತು, ಹಾಸಿಗೆಯಲ್ಲಿ ಯಾರು ಮೇಲು. ಇವುಗಳನ್ನು ಬರೆದಿಟ್ಟು ಒಂದು ತಿಂಗಳು ಮುಚ್ಚಿಡಿ. ಇವಕ್ಕೆ ಸಿಗುವ ಪ್ರತಿ ಉತ್ತರವೂ ತಲೆಯಲ್ಲಿ ಚಿತ್ರವಾಗಿ ಕೂರುತ್ತದೆ, ಕೂತದ್ದನ್ನು ಎಬ್ಬಿಸಲು ವರ್ಷ ಹಿಡಿಯಬಹುದು.

ಈಗಾಗಲೇ ಕೂತ ಚಿತ್ರಗಳನ್ನು ಬಲವಂತವಾಗಿ ತಳ್ಳಲು ಹೋಗಬೇಡಿ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದಾಗ ಅದೇ ಮತ್ತೆ ಮತ್ತೆ ನೆನಪಾಗುತ್ತದೆ ಎಂದು ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರ ಪ್ರಯೋಗದಲ್ಲಿ ತೋರಿಸಿದ್ದರು. ಬದಲಿಗೆ ದಿನಕ್ಕೊಂದು ಸಲ, ಸಂಜೆ 20 ನಿಮಿಷ, ಒಂದೇ ಕುರ್ಚಿಯಲ್ಲಿ ಕೂತು ಬೇಕಾದಷ್ಟು ಯೋಚಿಸಿ. ಹಗಲಲ್ಲಿ ಬಂದ ಚಿತ್ರಕ್ಕೆ 'ಬಂದೆಯಾ, ಸಂಜೆ ನೋಡೋಣ' ಎಂದು ಹೇಳಿ, ಪಾದ ನೆಲಕ್ಕೊತ್ತಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿ, ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಈ ಕುರ್ಚಿ ಮಲಗುವ ಕೋಣೆಯಲ್ಲಿ ಬೇಡ.

ಹಂತ 3: ಬರೆದು ಬಿಡಿಸಿಕೊಳ್ಳುವುದು

ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನಬೇಕರ್ 1980ರ ದಶಕದಿಂದ ಅಧ್ಯಯನ ಮಾಡಿದ ಪದ್ಧತಿ ಸರಳವಾದದ್ದು: ಸತತ ನಾಲ್ಕು ದಿನ, ದಿನಕ್ಕೆ 15-20 ನಿಮಿಷ, ಕಾಗುಣಿತದ ಚಿಂತೆಯಿಲ್ಲದೆ, ನಡೆದದ್ದನ್ನೂ ಅನಿಸಿದ್ದನ್ನೂ ಬರೆಯುವುದು. ಯಾರಿಗೂ ತೋರಿಸಬೇಕಿಲ್ಲ, ಹರಿದು ಹಾಕಬಹುದು. ಬರೆದ ತಕ್ಷಣ ಮನಸ್ಸು ಭಾರವಾಗುವುದು ಸಹಜ. ಆದರೆ ಗೊತ್ತಾದ ಮೊದಲ ದಿನಗಳಲ್ಲೇ ಇದನ್ನು ಶುರು ಮಾಡಿದರೆ ಬರವಣಿಗೆ ಗಾಯ ಕೆರೆಯುವುದಾಗಿಬಿಡುತ್ತದೆ. ಕೆಲವು ವಾರ ಬಿಟ್ಟು ಮಾಡಿ; ನಾಲ್ಕೂ ದಿನ ಅದದೇ ವಾಕ್ಯ ಬರುತ್ತಿದ್ದರೆ ನಿಲ್ಲಿಸಿ.

ಆಮೇಲೆ ಒಂದು ಹಾಳೆಯನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ನಡೆದದ್ದು ಮಾತ್ರ: 'ಎಂಟು ತಿಂಗಳು ನನಗೆ ಸುಳ್ಳು ಹೇಳಿದರು.' ಎರಡನೆಯದರಲ್ಲಿ ನೀವು ಹಚ್ಚಿದ ಅರ್ಥ: 'ಹೆರಿಗೆಯ ನಂತರ ನನ್ನ ಮೈ ನೋಡಿ ಅಸಹ್ಯವಾಗಿರಬೇಕು.' ಮೂರನೆಯದರಲ್ಲಿ, ಈ ಅರ್ಥಕ್ಕೆ ಆಧಾರವೇನು, ಬೇರೆ ವಿವರಣೆ ಏನಿರಬಹುದು: 'ಹಾಗೆಂದು ಅವರು ಯಾವತ್ತೂ ಹೇಳಿಲ್ಲ. ಸುಳ್ಳು ಹೇಳುವ ಅಭ್ಯಾಸ ದುಡ್ಡಿನ ವಿಷಯದಲ್ಲೂ ಇತ್ತು.' ಹೀಗೆ ಮಾಡುವಾಗ ಒಂದು ಗೆರೆ ಸ್ಪಷ್ಟವಾಗಿರಲಿ. ಸಂಬಂಧದಲ್ಲಿ ಮಾತು ಕಡಿಮೆಯಾದದ್ದಕ್ಕೆ, ಜಗಳಕ್ಕೆ ಇಬ್ಬರ ಪಾಲೂ ಇರಬಹುದು. ಅದಕ್ಕೆ ಉತ್ತರವಾಗಿ ಮುಚ್ಚಿಟ್ಟು ಇನ್ನೊಂದು ಸಂಬಂಧ ಬೆಳೆಸುವ ನಿರ್ಧಾರ ಒಬ್ಬರದೇ.

ಒಂದು ವೇಳೆ ಸಂಗಾತಿ ನಿಜಕ್ಕೂ ನಿಮ್ಮ ಮೈ ಬಗ್ಗೆ ಹೀನಾಯವಾಗಿ ಮಾತಾಡಿದ್ದರೆ? ಸಿಕ್ಕಿಬಿದ್ದವರಿಗೆ ತಪ್ಪನ್ನು ಎದುರಿನವರ ಮೇಲೆ ಹಾಕಲು ಕೈಗೆ ಸಿಗುವ ಮೊದಲ ಆಯುಧ ಅದು. ಮೊದಲ ಕಾಲಂನಲ್ಲಿ 'ಹೀಗೆ ಅಂದರು' ಎಂದು ಬರೆಯಿರಿ. ಅದು ಅವರು ಆಡಿದ ಮಾತಿನ ದಾಖಲೆ, ನಿಮ್ಮ ಮೈಯ ವರದಿಯಾಗಲಾರದು. ಇಂಥ ಮಾತು ಮುಂದುವರಿದರೆ ಅದು ನಿಂದನೆ, ಅಂಥ ಕಡೆ ಇದ್ದುಕೊಂಡು ಮುಂದಿನ ಹಂತಗಳನ್ನು ಮಾಡುವುದು ಕಷ್ಟ.

ಹಂತ 4: ಕನ್ನಡಿ

ದೇಹದ ಬಗೆಗಿನ ಅಸಮಾಧಾನವನ್ನು ಎರಡು ಅಭ್ಯಾಸಗಳು ಸಾಕುತ್ತವೆ: ಪದೇ ಪದೇ ನೋಡುವುದು, ನೋಡದೇ ತಪ್ಪಿಸಿಕೊಳ್ಳುವುದು. ದಿನಕ್ಕೆ ಎಷ್ಟು ಸಲ ತೂಕ ನೋಡುತ್ತೀರಿ, ಹೊಟ್ಟೆ ಚಿವುಟುತ್ತೀರಿ, ಸೆಲ್ಫಿ ತೆಗೆದು ಅಳಿಸುತ್ತೀರಿ, ಒಂದು ವಾರ ಗೀಟು ಹಾಕಿ ಎಣಿಸಿ. ಮುಂದಿನ ವಾರ ಅರ್ಧಕ್ಕೆ ಇಳಿಸಿ. ತೂಕ ವಾರಕ್ಕೊಂದೇ ಸಲ. ತಪ್ಪಿಸಿಕೊಳ್ಳುವವರು ಮುಚ್ಚಿದ ಕನ್ನಡಿಯನ್ನು ತೆರೆಯುವುದರಿಂದ ಶುರು ಮಾಡಬೇಕು.

ಕನ್ನಡಿಯ ಅಭ್ಯಾಸಕ್ಕೆ ಪೂರ್ತಿ ಮೈ ಕಾಣುವ ಕನ್ನಡಿ, ಸಾಮಾನ್ಯ ಬೆಳಕು, ಒಂದು ಮೀಟರಿನಷ್ಟು ದೂರ ಬೇಕು. ಮೂಗು ತಾಗುವಷ್ಟು ಹತ್ತಿರ ನಿಂತರೆ ಯಾರ ಚರ್ಮವೂ ಚೆನ್ನಾಗಿ ಕಾಣದು. ಮೊದಲ ವಾರ ಎಂದಿನ ಬಟ್ಟೆಯಲ್ಲಿ 5 ನಿಮಿಷ, ವಾರಕ್ಕೆ ಮೂರು-ನಾಲ್ಕು ದಿನ. ತಲೆಯಿಂದ ಪಾದದವರೆಗೆ ಯಾವ ಭಾಗವನ್ನೂ ಬಿಡದೆ, ಯಾವುದರ ಮೇಲೂ ಹೆಚ್ಚು ನಿಲ್ಲದೆ, ಕುರುಡರಿಗೆ ಚಿತ್ರಕಾರರೊಬ್ಬರು ವಿವರಿಸುವಂತೆ ಗಟ್ಟಿಯಾಗಿ ಹೇಳಿ. 'ಕೂದಲು ಕಪ್ಪು, ಕಿವಿಯ ಹತ್ತಿರ ಬಿಳಿ. ಹೆಗಲು ದುಂಡಗೆ, ಎಡಗಡೆಯದು ತುಸು ಕೆಳಗೆ. ಹೊಟ್ಟೆ ಮುಂದಕ್ಕೆ ಬಾಗಿದೆ, ಹೊಕ್ಕುಳ ಕೆಳಗೆ ಅಡ್ಡ ಗೆರೆ ಇದೆ.' 'ದರಿದ್ರ ಹೊಟ್ಟೆ' ಎಂದು ಬಾಯಿಗೆ ಬಂದರೆ ಅಲ್ಲೇ ತಡೆದು ಆಕಾರ, ಬಣ್ಣ, ಜಾಗ ಮಾತ್ರ ಹೇಳಿ. 'ಸುಂದರ' ಎನ್ನುವುದೂ ಬೇಡ.

ಮೊದಲ ಕೆಲವು ಸಲ ಕಣ್ಣೀರು ಬರಬಹುದು, ಓಡಿಹೋಗಬೇಕು ಅನಿಸಬಹುದು. ಕಳವಳ ಏರಿದ ತುದಿಯಲ್ಲೇ ಬಿಟ್ಟು ಹೊರಟರೆ ಕನ್ನಡಿ ಇನ್ನಷ್ಟು ಭಯಾನಕವಾಗುತ್ತದೆ. ಅದು ಸ್ವಲ್ಪ ಇಳಿಯುವವರೆಗೆ ನಿಂತಿರಿ. ಸುಲಭವಾಗುತ್ತ ಬಂದಂತೆ ತೋಳಿಲ್ಲದ ಬಟ್ಟೆ, ಆಮೇಲೆ ಒಳಉಡುಪು, 10 ನಿಮಿಷ. ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಮಾಡುವಂಥ ಕಾಯಿಲೆ), ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ) ಇದ್ದವರು, ಹಿಂದೆ ಇದ್ದವರು ಇದನ್ನು ಒಬ್ಬರೇ ಮಾಡಬಾರದು, ಚಿಕಿತ್ಸಕರ ಜೊತೆಯಲ್ಲೇ ಮಾಡಬೇಕು.

ಇದರ ಜೊತೆಗೆ, ಮೈ ಏನು *ಮಾಡುತ್ತದೆ* ಎಂಬುದರ ಬಗ್ಗೆ ಮೂರು ದಿನ 15 ನಿಮಿಷ ಬರೆಯಿರಿ: ಒಮ್ಮೆ ಇಂದ್ರಿಯಗಳು ಮತ್ತು ಚಲನೆ, ಒಮ್ಮೆ ಆರೋಗ್ಯ ಮತ್ತು ಗುಣವಾಗುವ ಶಕ್ತಿ, ಒಮ್ಮೆ ಕೌಶಲ ಮತ್ತು ಬೇರೆಯವರೊಂದಿಗಿನ ಒಡನಾಟ. ಸಂಶೋಧಕಿ ಜೆಸಿಕಾ ಅಲೆವಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಬರವಣಿಗೆಯಿಂದ ಹೆಂಗಸರಿಗೆ ತಮ್ಮ ಮೈ ಬಗ್ಗೆ ತೃಪ್ತಿ ಹೆಚ್ಚಿದ್ದು ಕಂಡಿತ್ತು.

ಬಟ್ಟೆಯ ಬಗ್ಗೆ ಒಂದೇ ಮಾತು: ಇವತ್ತಿನ ಅಳತೆಗೆ ಹೊಂದುವ ನಾಲ್ಕು ಜೊತೆ ಇಟ್ಟುಕೊಂಡು, ಬಿಗಿಯಾದವನ್ನು ಕಣ್ಣಿಗೆ ಬೀಳದಂತೆ ಕಟ್ಟಿಡಿ. ಇನ್ನು ವ್ಯಾಯಾಮ ಈಗ ಸೇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥದ್ದು, ಎರಡು ದಿನ ಸ್ನಾಯುಗಳಿಗೆ ಕೆಲಸ. ಲೆಕ್ಕ ಇಡುವುದಾದರೆ ಎಷ್ಟು ಭಾರ ಎತ್ತಿದಿರಿ, ಎಷ್ಟು ದೂರ ನಡೆದಿರಿ ಎಂಬುದನ್ನು ಇಡಿ. ಸೊಂಟದ ಸುತ್ತಳತೆ ಬೇಡ.

ಹಂತ 5: ಬೆಲೆಗೆ ಬೇರೆ ಆಸರೆಗಳು

'ನಾನು ಪ್ರೀತಿಗೆ ಯೋಗ್ಯಳು' ಎಂದು ಕನ್ನಡಿ ಮುಂದೆ ನೂರು ಸಲ ಹೇಳುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಸ್ವಾಭಿಮಾನ ಕುಗ್ಗಿದವರಿಗೆ ಇಂಥ ವಾಕ್ಯಗಳಿಂದ ಮನಸ್ಸು ಇನ್ನೂ ಕೆಡಬಹುದು ಎಂದು ಮನಃಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಕಂಡುಕೊಂಡರು. ನಂಬಲಾಗದ ಮಾತು ಹೇಳಿದಾಗ ಒಳಗಿನಿಂದ 'ಸುಳ್ಳು' ಎಂಬ ಉತ್ತರ ಬರುತ್ತದೆ. ನಂಬಬಹುದಾದಷ್ಟೇ ಹೇಳಿಕೊಳ್ಳಿ: 'ಇವತ್ತು ನನಗೆ ತುಂಬಾ ನೋವಾಗಿದೆ, ಆದರೂ ಕೆಲಸಕ್ಕೆ ಹೋಗಿ ಬಂದೆ.'

ಮದುವೆ ಅಥವಾ ಸಂಬಂಧವೊಂದೇ ಬೆಲೆಯ ಆಧಾರವಾಗಿದ್ದರೆ ಅದು ಬಿದ್ದಾಗ ಎಲ್ಲವೂ ಬೀಳುತ್ತದೆ. ಕೆಲಸ, ಸ್ನೇಹ, ಕಲಿಕೆ, ಯಾರಿಗಾದರೂ ನೆರವಾಗುವುದು, ಕೈಕಸುಬು ಇವುಗಳಲ್ಲಿ ಎರಡನ್ನು ಆರಿಸಿ, ಪ್ರತಿಯೊಂದಕ್ಕೂ ವಾರಕ್ಕೆ ಎರಡು ಗಂಟೆ ಎತ್ತಿಡಿ. ಗುರಿ ಸೋಲಲಾರದಷ್ಟು ಚಿಕ್ಕದಿರಲಿ. ನಿಮಗೆ ನೀವೇ ಕೊಟ್ಟ ಮಾತನ್ನು ಉಳಿಸಿಕೊಂಡಾಗ ಸಿಗುವ ಬಲಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ವಿಷಯವನ್ನು ಇಬ್ಬರಿಗೋ ಮೂವರಿಗೋ ಮಾತ್ರ ಹೇಳಿ. 'ಅಯ್ಯೋ, ನಿನಗಿಂತ ಅವರಲ್ಲೇನಿದೆ' ಎಂದು ಹೋಲಿಸಿ ಸಮಾಧಾನ ಮಾಡುವವರಿಗಿಂತ, ಕೇಳಿಸಿಕೊಂಡು ಸುಮ್ಮನೆ ಕೂರುವವರು ಮೇಲು.

ಬಂದವರ ಮೆಚ್ಚುಗೆಯಿಂದ ಬೆಲೆ ತುಂಬಿಸಿಕೊಳ್ಳಲು ತಕ್ಷಣ ಡೇಟಿಂಗ್ ಆಪ್‌ಗೆ ಇಳಿಯುವುದು ಸಾಮಾನ್ಯ ತಪ್ಪು. ಎರಡು ದಿನ ಹಿತವಾಗಿರುತ್ತದೆ, ಒಂದು ಮೆಸೇಜಿಗೆ ಉತ್ತರ ಬರದಿದ್ದರೆ ಮುಳ್ಳು ಮೊದಲಿಗಿಂತ ಕೆಳಗಿಳಿಯುತ್ತದೆ.

ಹಂತ 6: ಸ್ಪರ್ಶ

ವಿಷಯ ಗೊತ್ತಾದ ಹೊಸತರಲ್ಲಿ ಅದೇ ಸಂಗಾತಿಯ ಮೇಲೆ ಕಾಮ ಉಕ್ಕಿಬರುವುದುಂಟು. ಬಹಳ ಜನ ಇದಕ್ಕೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಕಳೆದುಕೊಳ್ಳುವ ಭಯಕ್ಕೆ ಮೈ ಕೊಡುವ ಉತ್ತರ ಅದು, ಕ್ಷಮಿಸಿದಂತೇನೂ ಆಗಲಿಲ್ಲ. ಇನ್ನು ಕೆಲವರಿಗೆ ಮುಟ್ಟಿದರೇ ಮೈ ಹಿಂಜರಿಯುತ್ತದೆ. ಎರಡೂ ಸಹಜ.

ಸಂಬಂಧ ಮುಂದುವರಿಸುವವರು ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪರಿಚಯಿಸಿದ ಸ್ಪರ್ಶಾಭ್ಯಾಸವನ್ನು ಬಳಸಬಹುದು. ವಾರಕ್ಕೆ ಎರಡು ಸಲ, ಒಬ್ಬರು ಮುಟ್ಟುವುದು, ಒಬ್ಬರು ಸ್ವೀಕರಿಸುವುದು, 15 ನಿಮಿಷಕ್ಕೆ ಅದಲುಬದಲು. ಮೊದಲ ಹಂತದಲ್ಲಿ ಎದೆ, ಜನನಾಂಗ ಮುಟ್ಟುವಂತಿಲ್ಲ, ಸಂಭೋಗವಂತೂ ಇಲ್ಲವೇ ಇಲ್ಲ. ಗಮನವೆಲ್ಲ ಬಿಸಿ, ತಂಪು, ಒರಟು, ನಯದ ಮೇಲೆ. 'ನಿಲ್ಲಿಸು' ಎಂದರೆ ಅಲ್ಲಿಗೆ ನಿಲ್ಲಬೇಕು, ಕಾರಣ ಕೇಳಬಾರದು. ಕೆಡುವುದು ಸಾಮಾನ್ಯವಾಗಿ ಹೀಗೆ: ಚೆನ್ನಾಗಿ ಹೋಗುತ್ತಿದೆ ಎಂದು ನಿಯಮ ಮುರಿದು ಮುಂದುವರಿಯುತ್ತಾರೆ, ನಡುವೆ ಹಳೆಯ ಚಿತ್ರ ನುಗ್ಗುತ್ತದೆ, ಮುಂದಿನ ಸಲ ಮೈ ಒಪ್ಪುವುದಿಲ್ಲ. ಹಾಗಾದರೆ ಮೊದಲ ಹಂತಕ್ಕೇ ಮರಳಿ.

ಯಾವಾಗ ನೆರವು ಪಡೆಯಬೇಕು, ಹಿಂದೆ ಜಾರಿದರೆ ಏನು ಮಾಡಬೇಕು

ಮೈಯ ಒಂದು ಕುಂದಿನ ಬಗ್ಗೆಯೇ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಯೋಚನೆ, ತಿಂದು ವಾಂತಿ ಮಾಡುವುದು, ಊಟ ಬಿಡುವುದು, ಕುಡಿತ ಹೆಚ್ಚುವುದು, ಎರಡು ವಾರ ದಾಟಿದರೂ ದಿನವಿಡೀ ಬಿಡದ ಮಂಕು, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇಬೇಕೆಂಬ ಹಠ, ಇವುಗಳಲ್ಲಿ ಯಾವುದೊಂದಿದ್ದರೂ ಮನೋವೈದ್ಯರನ್ನು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಕಾಣಿ. ಬದುಕು ಬೇಡ ಅನಿಸಿದರೆ, ಸಂಗಾತಿ ಕೈ ಮಾಡುತ್ತಿದ್ದರೆ, ಅಂದೇ ತುರ್ತು ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ.

ಎಲ್ಲ ಸರಿಹೋಯಿತು ಎಂದುಕೊಂಡಾಗ ವಿಷಯ ಗೊತ್ತಾದ ದಿನಾಂಕ, ಒಂದು ಹೋಟೆಲ್ಲಿನ ಹೆಸರು, ಒಂದು ಪರ್ಫ್ಯೂಮಿನ ವಾಸನೆ ಮತ್ತೆ ಕೆಳಗೆಳೆಯಬಹುದು. ಗೊತ್ತಿರುವ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತಿಸಿ, ಆ ದಿನಕ್ಕೆ ಒಬ್ಬ ಸ್ನೇಹಿತರನ್ನೂ ಮನೆಯಿಂದ ಹೊರಗಿನ ಒಂದು ಕೆಲಸವನ್ನೂ ಗೊತ್ತುಮಾಡಿಡಿ. ಜಾರಿದ ವಾರದಲ್ಲಿ ಹೊಸದೇನನ್ನೂ ಮಾಡಬೇಡಿ: ಗಡಿಯಾರದ ಊಟ, ಏಳುವ ಹೊತ್ತು, ಕೋಣೆಯ ಹೊರಗೆ ಫೋನ್. ಏಳು ದಿನ ಇಷ್ಟನ್ನೇ ಪಾಲಿಸಿ, ಆಮೇಲೆ ಎಲ್ಲಿ ನಿಲ್ಲಿಸಿದ್ದಿರೋ ಆ ಹಂತದಿಂದ ಮುಂದುವರಿಸಿ.